ಹನ್ನೆರಡು ಮಂದಿಯ ಟೋಳಿ

"ಏ ಏಳನೇ ನಂಬರ, ಬೆನ್ನ ತೋರ್ಸು ಅಂದ್ರ ಮಾರಿ ತೋರಸ್ತಿ? ತಿರುಗ್, ಬೋಸುಡಿ."

ಬಸವಂತರಾಯ ಹಾಗೆ ಬೈದದ್ದು ಪೀರಮ್ಮನನ್ನು. ಶಹಾಬಾದಿನ ರೈಲು ಹಳಿಯ ಪಕ್ಕದ ಆ ಕಲ್ಲಿನ ಅಂಗಳ ಅವನದು. ಅಲ್ಲಿ ಫರಸಿ ಕಲ್ಲು ಹೊತ್ತು ವ್ಯಾಗನ್ನಿಗೆ ತುಂಬುವ ಹನ್ನೆರಡು ಮಂದಿಯ ಟೋಳಿಯಲ್ಲಿ ಪೀರಮ್ಮ ಒಬ್ಬಳು. ಅವಳು ತಿರುಗಿ ನಿಂತಳು. ಗುಮಾಸ್ತ ಬಂದೇನವಾಜ್ ಕುಂಚ ಅದ್ದಿ ಅವಳ ಬೆನ್ನಿನ ಮೇಲೆ, ಸೆರಗಿನ ಮೇಲೆಯೇ, ಏಳು ಎಂದು ದೊಡ್ಡದಾಗಿ ಬರೆದ. ಫರಸಿಯ ಮೇಲೆ ಅಳತೆ ಬರೆಯುವ ಅದೇ ಕೆಂಪು ಬಣ್ಣ. ಬಣ್ಣ ಸೀರೆ ದಾಟಿ ಕುಬಸದೊಳಗೆ ತಣ್ಣಗೆ ಇಳಿಯಿತು. ಅವಳಿಗೆ ಇದ್ದದ್ದೇ ಎರಡು ಸೀರೆ, ಈ ಬಣ್ಣವೋ ಜನ್ಮದಲ್ಲಿ ಹೋಗುವಂಥದ್ದಲ್ಲ.

"ತಪ್ಪ ತಿಳೀಬ್ಯಾಡವ್ವ," ಎಂದು ಬಂದೇನವಾಜ್ ಮೆಲ್ಲಗೆ ಹೇಳಿದ. "ಸಾಹೇಬ್ರಿಗಿ ದೂರದಿಂದ ಗುರ್ತ ಸಿಗಬೇಕಂತ."

ಸಾಹೇಬ ಬೇವಿನ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದ. ಯಾವುದೋ ದೊಡ್ಡ ಊರಿನ ಕಾಲೇಜಿನವನು, ಮೈಸೂರು ಕಡೆಯ ಕನ್ನಡ. ಕೊರಳಲ್ಲಿ ಗುಂಡಿ ಒತ್ತಿದರೆ ಓಡುವ, ಒತ್ತಿದರೆ ನಿಲ್ಲುವ ಗಡಿಯಾರ. ತೊಡೆಯ ಮೇಲೆ ಗೀಟು ಎಳೆದ ಹಾಳೆಗಳು. ಮೂಗಿಗೆ ಒತ್ತಿಕೊಂಡ ಕರವಸ್ತ್ರ. ಗಣಿಯಿಂದ ಎದ್ದ ಕಲ್ಲು ಮುಂಬಯಿಯ ಯಾವುದೋ ಮನೆಯ ನೆಲವಾಗುವ ತನಕ ದಾರಿಯಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ತಡವಾಗುತ್ತದೆ ಎಂಬುದೇ ಅವನ ಸಂಶೋಧನೆಯಂತೆ. ಮೂರು ದಿನ ಕೂತು ನೋಡುತ್ತಾನಂತೆ, ಮೂರೂ ದಿನದ್ದು ಕೂಡಿಸಿ ಸರಾಸರಿ ತೆಗೆಯುತ್ತಾನಂತೆ, ಆಮೇಲೆ ಒಂದು ವ್ಯಾಗನ್ನು ತುಂಬಲು ಎಷ್ಟು ಮಂದಿ ಸಾಕು ಎಂದು ಬಸವಂತರಾಯನಿಗೆ ಬರೆದುಕೊಡುತ್ತಾನಂತೆ. ಟೋಳಿಯವರು ಅವನಿಗೆ ಘಡಿ ಸಾಹೇಬ ಎಂದು ಹೆಸರಿಟ್ಟಿದ್ದರು. ಅವರಿಗೆ ಹೆದರಿಕೆ ಇದ್ದದ್ದು ಎಷ್ಟು ಮಂದಿ ಸಾಕು ಎಂಬ ಆ ಮಾತಿಗೆ.

ಏಕೆಂದರೆ ಹನ್ನೆರಡು ಮಂದಿಯ ಟೋಳಿ ಎಂದರೆ ಹನ್ನೆರಡೂ ಮಂದಿ ಹೊರುವವರಲ್ಲ. ಹತ್ತು ಮಂದಿ ಹೊರುತ್ತಾರೆ. ಇಬ್ಬರು ವ್ಯಾಗನ್ನಿನೊಳಗೆ ಕೂತು, ಕಲ್ಲಿಗೆ ಕಲ್ಲು ತಾಗಿ ಒಡೆಯದ ಹಾಗೆ ನಡುವೆ ಹುಲ್ಲು ಹಾಸುತ್ತಾರೆ. ಎದೆ ಹೋದವರು, ಕೈ ಹೋದವರು ಹುಲ್ಲಿಗೆ ಕೂರುವುದು, ಅವರಿಗೂ ಸಮಪಾಲು ಕೊಡುವುದು ಟೋಳಿಯ ರಿವಾಜು. ಇವತ್ತು ಹೊರುವವನು ನಾಳೆ ಹುಲ್ಲಿಗೆ ಕೂರಬೇಕಾದವನೇ ಎಂಬುದು ಯಾರಿಗೂ ಹೇಳಿಕೊಡಬೇಕಾದ ಸಂಗತಿಯಾಗಿರಲಿಲ್ಲ. ಈಗ ಹುಲ್ಲಿಗೆ ಕೂರುತ್ತಿದ್ದವರು ಫರಸಿ ಬಿದ್ದು ಬಲಗೈ ಜಜ್ಜಿಹೋದ ಭೀಮಬಾಯಿ ಮತ್ತು ಪೀರಮ್ಮನ ಮಾವ ಗೊಲ್ಲಾಳಪ್ಪ. ಮೂವತ್ತು ವರ್ಷ ಕಲ್ಲು ತಿಕ್ಕಿ ನುಣುಪು ಮಾಡಿದ ಮುದುಕನ ಎದೆಯಲ್ಲಿ ಕಲ್ಲಿನ ಹುಡಿಯೇ ತುಂಬಿಕೊಂಡಿತ್ತು. ಗಂಡ ಗಣಿಯಲ್ಲಿ ಮದ್ದು ಸಿಡಿದು ಸತ್ತ ಮೇಲೆ ಪೀರಮ್ಮನಿಗೆ ತನ್ನವರೆಂದು ಉಳಿದಿದ್ದವನು ಅವನೊಬ್ಬನೇ.

ಉಪಾಯ ಹೂಡಿದವನು ಟೋಳಿಯ ಹಿರಿಯಾಳು ಚಂದ್ರಾಮಪ್ಪ.

"ಮುತ್ಯಾ ಹುಲ್ಲಿಗಿ ಕುಂತಿದ್ದ ನೋಡಿದ್ರ ಆ ಮಗ ಕೆಲಸಿಲ್ಲದವ ಅಂತ ಬರೀತಾನ. ಇವತ್ತ ಮುತ್ಯಾನೂ ಹೊರ್ಲಿ. ನಾವು ಓಡೂಣು. ನಾವು ಓಡಿದ್ರ ಅವ ನಿಧಾನ ನಡ್ದದ್ದು ಎದ್ದು ಕಾಣಂಗಿಲ್ಲ. ಸಾಹೇಬಗ ಖುಷಿ ಆದ್ರ ನಮಗ ಕುಡ್ಯಾ ನೀರಿಗಿ ಒಂದು ನಳಾನೂ ಬರ್ದುಕೊಡ್ಲಿಕ್ಕಿಲ್ಲೇನು?"

ಓಡಿದರು. ಹುಟ್ಟಿದ ಮೇಲೆ ಹಾಗೆ ಓಡಿರಲಿಲ್ಲ. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಕಲ್ಲು, ಒಂದು ಕಲ್ಲಿಗೆ ಇಬ್ಬರು, ವ್ಯಾಗನ್ನಿನ ಬಾಗಿಲಿಗೆ ಏರುವ ಇಳಿಜಾರು ಕಟ್ಟೆಯ ಮೇಲೆ ಬರಿಗಾಲಲ್ಲಿ ದಡದಡ. ಬೀಗರು ಬಂದಾಗ ಹರಿದ ಕೌದಿಯನ್ನು ಮೂಲೆಗೆ ಒತ್ತರಿಸುವ ಹಾಗೆ ಎಲ್ಲರೂ ತಮ್ಮ ದಣಿವನ್ನು ಒತ್ತರಿಸಿಟ್ಟರು. ಪೀರಮ್ಮನೂ ಓಡಿದಳು, ಸಾಹೇಬನ ಕಡೆ ನೋಡಿ ಹಲ್ಲು ಕೂಡ ಕಿರಿದಳು. ಎರಡು ದಿನ ಕಳೆದ ಮೇಲೆ ಅದನ್ನು ನೆನೆದು ತನ್ನ ಕಾಲು, ತನ್ನ ಹಲ್ಲು ಎರಡರ ಮೇಲೂ ಅವಳಿಗೆ ಅಸಹ್ಯ ಹುಟ್ಟಿತು.

ನಾಲ್ಕನೇ ಸುತ್ತಿಗೆ ಗೊಲ್ಲಾಳಪ್ಪ ಕುಸಿದ. ಕಲ್ಲಿನ ಇನ್ನೊಂದು ತುದಿಯಲ್ಲಿ ಪೀರಮ್ಮನೇ ಇದ್ದಳು. ಚಂದ್ರಾಮಪ್ಪ ಹಾರಿ ಬಂದು ಹಿಡಿಯದಿದ್ದರೆ ಫರಸಿ ಮುದುಕನ ಕುತ್ತಿಗೆಯ ಮೇಲೆಯೇ ಇಳಿಯುತ್ತಿತ್ತು. ಮುದುಕ ಮೊಣಕಾಲೂರಿ ಕೆಮ್ಮಿದ, ಕೆಮ್ಮಿದ, ಬಿಳಿ ಹುಡಿಯ ಮೇಲೆ ರಕ್ತ ಉಗುಳಿದ.

ನೆರಳಲ್ಲಿ ಗುಂಡಿ ಒತ್ತಿದ ಸದ್ದಾಯಿತು. "ಇದನ್ನು ಯಾವುದರಲ್ಲಿ ಸೇರಿಸೋಣ?" ಎಂದು ಸಾಹೇಬ ಕೇಳಿದ.

ಮುಂಜಾನೆ ಪೂಜೆ ಮುಗಿಸಿ, ಹಣೆತುಂಬ ವಿಭೂತಿ ಬಳಿದುಕೊಂಡು, ವಚನ ಗುನುಗುತ್ತ ಬಂದಿದ್ದ ಬಸವಂತರಾಯ ಹೇಳಿದ, "ಖಾಲಿ ಕುಂತಾನ ಅಂತ ಬರ್ಕೋರಿ. ಮುದಿ ಸೂಳೀಮಗಂದು ದಿನಾ ಇದೇ ನಾಟಕ."

ಪೀರಮ್ಮ ಸಾಹೇಬನ ಕುರ್ಚಿಯ ಪಕ್ಕದ ನೀರಿನ ಹೂಜಿಯತ್ತ ಕೈ ಚಾಚಿದಳು. ಬಸವಂತರಾಯ ಕಾಲಿನಿಂದ ಹೂಜಿಯನ್ನು ಹಿಂದಕ್ಕೆ ಸರಿಸಿದ. "ಮುಟ್ಟಬ್ಯಾಡ. ಬೊಗಸಿ ಹಿಡಿ ಅನ್ನು, ಮ್ಯಾಲಿಂದ ಹಾಕ್ತಾರ." ಬಂದೇನವಾಜ್ ಎದೆಯೆತ್ತರದಿಂದ ನೀರು ಸುರಿದ. ಅರ್ಧ ಬಾಯಿಗೆ, ಅರ್ಧ ಎದೆಯ ಮೇಲೆ. ಮುದುಕ ಕುಡಿದು ಮುಗಿಸುವ ತನಕ ಸಾಹೇಬ ಗಡಿಯಾರವನ್ನೇ ನೋಡುತ್ತಿದ್ದ.

ಎರಡನೇ ದಿನ ಗೊಲ್ಲಾಳಪ್ಪನನ್ನು ಮತ್ತೆ ಹುಲ್ಲಿಗೆ ಕೂರಿಸಿ ಉಳಿದವರು ಓಡಿದರು. ನಿನ್ನೆಗಿಂತ ಕಡಿಮೆಯಾದರೆ ಅನುಮಾನ ಬರುತ್ತದಲ್ಲ. ಮಧ್ಯಾಹ್ನ ಸಾಹೇಬ ಒಬ್ಬೊಬ್ಬರನ್ನೇ ಕರೆದು ಪ್ರಶ್ನೆ ಕೇಳತೊಡಗಿದ. ಹಾಳೆಯಲ್ಲಿ ಪ್ರಶ್ನೆಗಳು ಅಚ್ಚಾಗಿದ್ದವು. ಪೀರಮ್ಮನ ಸರದಿ ಬಂತು.

"ಕೆಲಸದಲ್ಲಿ ನಿಮಗೆ ಎಷ್ಟು ತೃಪ್ತಿ ಇದೆಯಮ್ಮ? ಒಂದರಿಂದ ಐದರೊಳಗೆ ಒಂದು ಸಂಖ್ಯೆ ಹೇಳಿ. ಒಂದು ಅಂದರೆ ಕಡಿಮೆ, ಐದು ಅಂದರೆ ತುಂಬ."

"ಒಂದಕ್ಕಿಂತ ಕೆಳಗ ಇಲ್ಲೇನ್ರಿ?"

"ಇಲ್ಲ."

"ಹಂಗಾರ ಏನೂ ಬರೀಬ್ಯಾಡ್ರಿ."

ಅವನು ಏನೋ ಬರೆದುಕೊಂಡ. ಮೂರು ಎಂದು ಬರೆದನೆಂದು ಆಮೇಲೆ ಬಂದೇನವಾಜ್ ಹೇಳಿದ. ಏಳಬೇಕಾದ ಪೀರಮ್ಮ ಏಳಲಿಲ್ಲ.

"ನಂದೊಂದು ಮಾತ ಕೇಳ್ತೀನ್ರಿ ಸಾಹೇಬ್ರ. ಈ ಕಲ್ಲು ಗಣಿಯಿಂದ ಬಂದು ಹದಿನೇಳು ದಿನ ಆಯ್ತು, ಇಲ್ಲೇ ಬಿದ್ದಾದ. ರೇಟ್ ಏರ್ಲಿ ಅಂತ ಸಾವ್ಕಾರ್ರು ತಡದು ಇಟ್ಟಾರ. ನಾವು ತುಂಬೋದು ಒಂದು ದಿನ. ಆ ಹದಿನೇಳು ದಿನಕ್ಕ ಘಡಿ ಯಾಕ ಹಿಡೀಲಿಲ್ರಿ?"

ಸಾಹೇಬ ಒಮ್ಮೆ ಬಸವಂತರಾಯನ ಕಡೆ ನೋಡಿದ. "ಅದು ನನ್ನ ಅಧ್ಯಯನದ ವ್ಯಾಪ್ತಿಗೆ ಬರಲ್ಲಮ್ಮ." ಅವನ ಬಾಯಿಂದ ಬಸವಂತರಾಯನ ಮನೆಯ ಹೋಳಿಗೆಯ, ತುಪ್ಪದ ವಾಸನೆ ಬರುತ್ತಿತ್ತು. ಅವಳಿಗೆ ಆ ವಾಸನೆ ಚರಂಡಿಗಿಂತ ಹೇಸಿಗೆ ಎನಿಸಿತು.

ಹೊತ್ತು ಇಳಿಯುವಾಗ ಬಂದೇನವಾಜ್ ಟೋಳಿಯವರ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕುಳಿತ. ಅವನ ಮುಖ ಸಪ್ಪಗಿತ್ತು.

"ಎರಡು ದಿನದ್ದು ಹಾಳಿ ನೋಡೀನಿ. ಎಂಟು ಮಂದಿ ಸಾಕಂತ. ಹುಲ್ಲಿಗಿ ಇಬ್ರು ಬ್ಯಾಡಂತ, ಹೊರೋರಾಗ ಇನ್ನಿಬ್ರು ಬ್ಯಾಡಂತ. ನೀವು ಓಡಿದ್ದೇ ನಿಮ್ಮ ಕುತ್ತಿಗಿಗಿ ಬಂತು ನೋಡ್ರಿ. ನಾಳಿಂದೂ ಕೂಡ್ಸಿ ಭಾಗಿಸಿದ್ರ ಮುಗೀತು. ನಾಳಿ ಸಂಜಿ ಐದಕ್ಕ ಇಂಜಿನ್ ಬರ್ತದ, ಅಷ್ಟರಾಗ ತುಂಬ್ರಿ ಅಂತ ಸಾವ್ಕಾರ್ರು ಹೇಳ್ಯಾರ."

ಗೊಲ್ಲಾಳಪ್ಪನೇ ಕೆಮ್ಮು ನುಂಗಿಕೊಂಡು, "ನಾ ಬಿಡ್ತೀನಿ ತಗೋರಿ. ನಂದೇನದ," ಎಂದ.

"ಸುಮ್ಕ ಕುಂದ್ರ್ರಿ ಮಾವ," ಎಂದಳು ಪೀರಮ್ಮ. ಆಮೇಲೆ ಚಂದ್ರಾಮಪ್ಪನ ಕಡೆ ತಿರುಗಿದಳು. "ಯಣ್ಣಾ, ನಾಳಿ ಮಾವ ಹೆಂಗ ನಡೀತಾನೋ ಹಂಗೇ ಎಲ್ಲಾರೂ ನಡಿಯೋದು. ಹನ್ನೆರಡೂ ಮಂದಿ ಕೂಡೇ ಹೊರೋದು."

"ಹುಚ್ಚೇನ ನಿನಗ? ಎಲ್ಲಾರನ್ನೂ ಹೊರಗ ಹಾಕ್ತಾನ."

"ಓಡಿದ್ರ ನಾಕ ಮಂದೀನ ಹಾಕ್ತಾನ. ಆ ನಾಕ ಮಂದಿ ಯಾರಂತ ನೀನೇ ಬಟ್ಟ ಮಾಡಿ ತೋರ್ಸು."

ಚಂದ್ರಾಮಪ್ಪ ಸುತ್ತ ಕೂತವರನ್ನು ಒಬ್ಬೊಬ್ಬರನ್ನಾಗಿ ನೋಡಿದ. ಬೆರಳು ಏಳಲಿಲ್ಲ.

ಮೂರನೇ ದಿನ ಸಾಹೇಬ ಗುಂಡಿ ಒತ್ತಿದ. ಟೋಳಿ ಆರಡಿ ಉದ್ದದ ಒಂದು ಫರಸಿಯನ್ನು ಆರಿಸಿಕೊಂಡಿತು. ಹನ್ನೆರಡು ಮಂದಿ ಆಚೆ ಈಚೆ ನಿಂತು ಎತ್ತಿದರು. ಭೀಮಬಾಯಿ ತನ್ನ ಎಡಗೈ ಕೊಟ್ಟಳು. ಮುಂದಿನ ಮೂಲೆಯಲ್ಲಿ ಗೊಲ್ಲಾಳಪ್ಪನ ಕೈ ಕಲ್ಲಿಗೆ ಬರೀ ತಾಗಿತ್ತು, ಭಾರ ಉಳಿದವರದು. ಅವನು ಒಂದು ಹೆಜ್ಜೆ ಇಟ್ಟರೆ ಎಲ್ಲರೂ ಒಂದು ಹೆಜ್ಜೆ. ಅವನು ಕೆಮ್ಮಿದರೆ ಎಲ್ಲರೂ ನಿಂತರು, ಕೆಮ್ಮು ಮುಗಿಯುವ ತನಕ ಕಲ್ಲು ಹಿಡಿದುಕೊಂಡೇ ನಿಂತರು. ಒಳಗೆ ಇಳಿಸಿ, ಹುಲ್ಲು ಹಾಸಿ, ಹಾಗೆಯೇ ಮೆಲ್ಲಗೆ ಇಳಿದು ಬಂದು ಮುಂದಿನದನ್ನು ಎತ್ತಿದರು.

ಬಸವಂತರಾಯನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಅವನ ಬಾಯಲ್ಲಿ ಬಾರದ ಮಾತಿಲ್ಲ. "ಹಲ್ಕಟ್ ಸೂಳೀಮಕ್ಕಳ್ಯಾ, ನಿಮ್ಮವ್ವನ್ ಹೆಣಾ ಹೊತ್ತೀರೇನು?" ಎಂದು ಬಡಿಗೆ ತಗೊಂಡು ಚಂದ್ರಾಮಪ್ಪನ ಮೀನಖಂಡಕ್ಕೆ ಬಾರಿಸಿದ. ಚಂದ್ರಾಮಪ್ಪನ ಕಾಲು ನಡುಗಿತು, ಕೈ ಬಿಡಲಿಲ್ಲ. ಎರಡನೇ ಏಟು ಪೀರಮ್ಮನ ಬೆನ್ನಿಗೆ ಬಿತ್ತು. ಅವಳು ಮಾವನ ಹೆಜ್ಜೆಯನ್ನೇ ನೋಡುತ್ತ ನಡೆದಳು.

ಸಾಹೇಬ ಕುರ್ಚಿ ಬಿಟ್ಟು ಬಿಸಿಲಿಗೆ ಬಂದ. ಮೂರು ದಿನದಲ್ಲಿ ಅವನು ಬಿಸಿಲಿಗೆ ಬಂದದ್ದು ಅದೇ ಮೊದಲು. "ನೀವು ಸಹಜವಾಗಿ ಕೆಲಸ ಮಾಡಬೇಕು. ಇದು ಸಹಜವಲ್ಲ. ಇದನ್ನು ನಾನು ಬರೆದುಕೊಳ್ಳೋಕೆ ಆಗಲ್ಲ."

"ಇದೇ ಖರೇದ್ರಿ," ಎಂದಳು ಪೀರಮ್ಮ, ತಲೆ ಎತ್ತದೆ. "ಮೊದಲ ಎರಡು ದಿನ ನಿಮಗ ಸುಳ್ಳ ತೋರಿಸಿದ್ದಿವಿ."

ಐದಕ್ಕೆ ಇಂಜಿನ್ ಬಂತು. ಕೊಂಡಿ ಹಾಕುವ ರೈಲ್ವೆಯವನು ವ್ಯಾಗನ್ನಿನೊಳಗೆ ಇಣುಕಿದ. ಹನ್ನೊಂದು ಫರಸಿ, ನಡುನಡುವೆ ಅಚ್ಚುಕಟ್ಟಾಗಿ ಹುಲ್ಲು. ಉಳಿದದ್ದೆಲ್ಲ ಖಾಲಿ. ಅವನು ಕೇಳಲೆಂದು ಬಸವಂತರಾಯನ ಕಡೆ ತಿರುಗಿದ. ಅಷ್ಟರಲ್ಲಿ ಇಳಿಜಾರು ಕಟ್ಟೆಯ ಕೆಳಗೆ ಗೊಲ್ಲಾಳಪ್ಪನಿಗೆ ಕೆಮ್ಮು ಹತ್ತಿತು. ಹನ್ನೆರಡನೇ ಫರಸಿ ಹಿಡಿದುಕೊಂಡೇ ಎಲ್ಲರೂ ನಿಂತರು. ಇಂಜಿನ್ ಎರಡು ಸಲ ಕೂಗಿತು. ಅವರು ಮುದುಕನಿಗಾಗಿ ಕಾಯುತ್ತಿದ್ದರು.