ಆರು ತಿಂಗಳ ಕಾವಲು

ಹಬೆ ಎದ್ದಿತು, ಇನ್ನು ಭತ್ತ ಬಾಯಿ ಬಿಡಲು ಹೆಚ್ಚು ಹೊತ್ತು ಬೇಡ, ಸುಗ್ಗಿಯ ಮೊದಲ ಹಂಡೆ, ವೇಣೂರಿನ ಈ ಅಂಗಳದಲ್ಲಿ ಬೆಂದ ಭತ್ತದ ವಾಸನೆ ನಾನು ಹುಟ್ಟಿದಂದಿನಿಂದ ಒಂದೇ — ಕಾಂತಿ, ಬೆಂಕಿ ನೋಡು, ಎನ್ನುತ್ತಿದ್ದಳು ಅಮ್ಮ, ಈಗ ನನಗೆ ನಾನೇ ಹೇಳಿಕೊಳ್ಳಬೇಕು, ತೆಂಗಿನ ಒಣ ಮಡಲು ಒಲೆಯೊಳಕ್ಕೆ ತಳ್ಳುತ್ತೇನೆ, ಜಗಲಿಯಲ್ಲಿ ಮಗಳು ಸ್ವರ್ಣಲತಾ ತನ್ನ ಮಗುವಿಗೆ ಎಣ್ಣೆ ತಿಕ್ಕುತ್ತ ನಗುತ್ತಾಳೆ, ಇವ ಎಂತ ಅಮ್ಮ ನಿನ್ನ ಹಾಗೇ, ಮೂಗು ನಿನ್ನದು, ಸಿಟ್ಟು ನಿನ್ನದು, ಅವನ ಅಪ್ಪನದ್ದು ಅಂತ ಒಂದು ಕಿವಿ ಸಹ ಇಲ್ಲ. ಈ ಭತ್ತ ಒಣಗಿ ಅಕ್ಕಿಯಾದರೆ ಮೊದಲ ತುತ್ತು ಇವನಿಗೆ, ಆರು ತಿಂಗಳು ತುಂಬುತ್ತದೆ — ಆರು ತಿಂಗಳು, ಮಂಗಳೂರಿನ ಡಾಕ್ಟರೂ ಹೇಳಿದ್ದು ಅದನ್ನೇ, ತಾಯಿಯ ರಕ್ತದಿಂದ ಬಂದದ್ದು ಅಷ್ಟು ದಿನ ಕಾಯುತ್ತದಮ್ಮ, ಆಮೇಲೆ ಮಗುವಿನ ಮೈಯೇ ಮಾಡಿಕೊಳ್ಳಬೇಕು, ಗಾಮಾ ಗ್ಲಾಬ್ಯುಲಿನ್ ಎಂಬ ಪ್ರೋಟೀನು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದೆ, ರೋಗದ ಕ್ರಿಮಿ ರಕ್ತಕ್ಕೆ ಇಳಿದರೆ ಹಿಡಿದು ತೋರಿಸುವಂಥದ್ದು, ನಿಮ್ಮ ಮಗ ಸುಧಾಕರನ ರಕ್ತದಲ್ಲಿ ಅದು ಇರಲೇ ಇಲ್ಲ, ಕಾವಲಿನವರು ಇದ್ದರು, ಕಳ್ಳನನ್ನು ತೋರಿಸುವವ ಇರಲಿಲ್ಲ. ಮದರಾಸಿಗೆ ಕಳಿಸಿದ ರಕ್ತದ ಪರೀಕ್ಷೆ ಬಂದದ್ದು ಅವನು ತೀರಿಹೋದ ಮೇಲೆ. ನನ್ನ ಮಗ, ಸ್ವರ್ಣನ ಒಬ್ಬನೇ ತಮ್ಮ, ಕಳೆದ ಸುಗ್ಗಿಯಲ್ಲಿ ಕೊಯ್ದ ಗದ್ದೆಯಲ್ಲಿ ಓಡಿದ, ಕೂಳೆ ತಾಗಿ ಪಾದದಲ್ಲಿ ಒಂದು ಗೀರು, ಅರಸಿನ ಹಚ್ಚಿದೆ, ಬೆಳಿಗ್ಗೆ ನೋಡಿದರೆ ಗೀರಿನಿಂದ ಮೊಣಕಾಲಿಗೆ ಕೆಂಪು ಗೆರೆ, ಹುಲ್ಲುಕಡ್ಡಿಯಷ್ಟು ಸಪೂರ, ಮಂಗಳೂರಿನ ಬಸ್ಸು ಮೂಡಬಿದಿರೆ ದಾಟುವಾಗ ತೊಡೆಗೆ ಹತ್ತಿತ್ತು, ಅಮ್ಮ ಚಳಿ, ಎಂದ, ಮೈ ಸುಡುತ್ತಿತ್ತು — ನನ್ನ ತಮ್ಮ ಮುಂಡಪ್ಪ ಸಣ್ಣವನಿರುವಾಗ ಹೋದದ್ದೂ ಹೀಗೆಯೇ, ಮನೆಯ ದೈವ ಮುನಿದಿದೆ ಎಂದರು, ದೈವಕ್ಕೆ ಕೋಲದ ಸೇವೆ ಕೊಟ್ಟರು, ಸುಧಾಕರನಿಗೆಂದು ನಾನೂ ಬೆಳ್ಳಿಯ ಕಾಲು ಹರಕೆ ಹೇಳಿ ಮಾಡಿಸಿಟ್ಟೆ, ಅದು ಪೆಟ್ಟಿಗೆಯಲ್ಲೇ ಉಂಟು, ಇನ್ನು ಯಾವ ಕಾಲಿಗೆಂದು ಒಪ್ಪಿಸಲಿ. ದೈವ ಅಲ್ಲಮ್ಮ, ಡಾಕ್ಟರ ಸ್ವರ ತಗ್ಗಿತ್ತು, ಇದು ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವುದು, ಹೆಣ್ಣುಮಕ್ಕಳು ಹೊರುತ್ತಾರೆ, ಅವರಿಗೆ ಏನೂ ಆಗುವುದಿಲ್ಲ. ಏನೂ ಆಗುವುದಿಲ್ಲವಂತೆ. ಅಳಿಯಕಟ್ಟಿನವರು ನಾವು, ಮನೆ, ಗದ್ದೆ, ಬಳಿ ಎಂಬ ಕುಲದ ಹೆಸರು ಎಲ್ಲ ತಾಯಿಯಿಂದಲೇ, ಅಮ್ಮನಿಂದ ನನಗೆ, ನನ್ನಿಂದ ಸ್ವರ್ಣನಿಗೆ, ಅದರೊಟ್ಟಿಗೆ ಇದೂ — ಮಗಳು ಬಸುರಿ ಅಂದಿರಲ್ಲ, ಗಂಡಾದರೆ ಆರು ತಿಂಗಳೊಳಗೆ ಕರಕೊಂಡು ಬನ್ನಿ, ರಕ್ತ ನೋಡುವ, ಬೇಕಾದರೆ ತಿಂಗಳು ತಿಂಗಳು ಕೊಡುವ ಇಂಜೆಕ್ಷನ್ ಉಂಟು, ಎಂದಿದ್ದರು ಡಾಕ್ಟರು. ಮಗಳಿಗೆ ಹೇಳ್ತೇನೆ, ಎಂದಿದ್ದೆ. ಬಸುರಿಗೆ ಹೇಗೆ ಹೇಳುವುದು, ಬಾಣಂತಿಗೆ ಹೇಗೆ ಹೇಳುವುದು, ಇವನಿಗೆ ಬಾರದೆಯೂ ಇರಬಹುದಲ್ಲ, ಈಗ ಹೇಳಿದರೆ ಆ ನಗು — ಸ್ವರ್ಣಾ. ಎಂತ ಅಮ್ಮ? ಅವನ ಕೈಯಲ್ಲಿ ಹುಲ್ಲು, ತೆಗಿ ಅದನ್ನು. ಬೈಹುಲ್ಲು ಅಮ್ಮ, ಹಾವಲ್ಲ, ಎಷ್ಟು ಹೆದರ್ತೀ ನೀನು. ಹಂಡೆ ಉಕ್ಕುತ್ತಿದೆ, ಎಣ್ಣೆಗೆ ಹೊಳೆಯುವ ಎಳೆಯ ಪಾದ, ಅದರ ಮೇಲೆ ಏನೂ ಇಲ್ಲ, ಏನೂ ಇಲ್ಲ, ನಾಳೆ ಹೇಳುವ, ಅನ್ನ ತಿನ್ನಿಸಿ ಆದ ಮೇಲೆ ಹೇಳುವ — ಕಣ್ಣು ಮುಚ್ಚಿದರೆ ಸುಧಾಕರನದ್ದೇ, ಸಪೂರ, ಹುಲ್ಲುಕಡ್ಡಿಯಷ್ಟು, ಪಾದದಿಂದ ಮೇಲಕ್ಕೆ, ಕೆಂಪು ಗೆರೆ