ಜಗಲಿಯ ಮೇಲಿನ ಲಂಡನ್ ಬಿಲ್ಲೆ

ತೇರದಾಳದ ಗಂಗಾಂಬಿಕಾಗೆ ಹಳೇ ಬಿಲ್ಲೆಗಳ ಹುಚ್ಚು. ಹತ್ತೊಂಬತ್ತನೇ ಶತಮಾನದಲ್ಲಿ ದೇಶದೇಶಗಳು ಸೇರಿ ನಡೆಸಿದ ಮಹಾ ಪ್ರದರ್ಶನಗಳ ನೆನಪಿಗೆ ಅಚ್ಚುಹಾಕಿದ ಪದಕಗಳವು. ಪ್ಯಾರಿಸ್ಸಿನದು, ಕಲಕತ್ತೆಯದು ಸಿಕ್ಕಿದ್ದವು. ೧೮೫೧ರ ಲಂಡನ್ನಿನದು ಮಾತ್ರ ಸಿಕ್ಕಿರಲಿಲ್ಲ. ಅದು ಇದ್ದದ್ದು ಅನಗವಾಡಿಯಲ್ಲಿ, ಹಣಮವ್ವನ ದೇವರ ಜಗಲಿಯ ಮೇಲೆ! ಒಂದು ಬದಿಗೆ ಪ್ರದರ್ಶನ ನಡೆದ ಗಾಜಿನ ಅರಮನೆ, ಇನ್ನೊಂದು ಬದಿಗೆ ಅಲ್ಲಿಯ ರಾಣಿಯ ಗಂಡ. ಆ ಮಹಾರಾಯನ ಮೀಸೆ ನೋಡಿ ಹಣಮವ್ವನ ಮನೆತನದವರು ಕುಲದೇವರು ಬೀರಪ್ಪನೆಂದೇ ನಂಬಿ, ಅರಿಸಿನದ ಭಂಡಾರ ಹಚ್ಚಿ ತಲೆಮಾರುಗಳಿಂದ ಪೂಜಿಸುತ್ತಿದ್ದರು.

ಪೂಜೆಗೇನೂ ಗಂಗಾಂಬಿಕಾಳ ತಕರಾರಿರಲಿಲ್ಲ. ಹೊಟ್ಟೆ ಉರಿಯುತ್ತಿದ್ದದ್ದು ಹುಣಸೆಹಣ್ಣು ಕಂಡು. ಅಮಾವಾಸ್ಯೆ ಬಂತೆಂದರೆ ಮುದುಕಿ ಅದನ್ನು ಹಚ್ಚಿ ಬಿಲ್ಲೆಯನ್ನು ತಿಕ್ಕಿದ್ದೇ ತಿಕ್ಕಿದ್ದು. ಅರಮನೆ ಆಗಲೇ ಮಸುಕಾಗಿತ್ತು.

ಕೇಳಿದಾಗಲೆಲ್ಲ ಹಣಮವ್ವನದು ಒಂದೇ ಮಾತು: "ದೇವರನ್ನ ಯಾರರ ಕೊಡ್ತಾರೇನ ತಂಗಿ?"

ಅಷ್ಟಕ್ಕೆ ಬಿಡುವವಳಲ್ಲ ಗಂಗಾಂಬಿಕಾ. ಆಲಮಟ್ಟಿಯ ಹಿನ್ನೀರು ಏರಿ ಹಣಮವ್ವನ ಮನೆಯವರು ಪುನರ್ವಸತಿ ಊರಿಗೆ ಹೋದಾಗ, ಜಮಖಂಡಿಯ ಪತ್ತಾರನಿಂದ ಬೆಳ್ಳಿಯ ಬೀರಪ್ಪನನ್ನು ಮಾಡಿಸಿ ಒಯ್ದಳು. ಹೊಸ ಮನೆಗೆ ಹೊಸ ದೇವರು ಬಂದರೆ ಹಳೆಯದು ತನಗೇ ಎಂಬ ಲೆಕ್ಕ. ಹಣಮವ್ವ ಹಿರಿಹಿರಿ ಹಿಗ್ಗಿದಳು. ಬೆಳ್ಳಿ ದೇವರನ್ನು ಜಗಲಿಗೇರಿಸಿ, ಹಳೆಯದನ್ನು ಗಂಗಾಂಬಿಕಾಳ ಅಂಗೈಯಲ್ಲಿಟ್ಟಳು.

"ನಡಿ ತಂಗಿ, ಹೊಳಿಗೆ ಹೋಗೂಣು. ಮೂಗು ಮಾರಿ ಸವದ ದೇವರನ್ನ ಹೊಳಿ ಗಂಗವ್ವಗ ಒಪ್ಪಿಸಬೇಕು. ಹೊಸಾದು ತಂದಾಕಿ ನೀನ, ಬಿಡಾಕಿನೂ ನೀನ."

ಹಿನ್ನೀರಿನ ದಂಡೆಯ ಬೇವಿನ ಗಿಡದ ಹತ್ತಿರ ಹಣಮವ್ವ ಬೆನ್ನು ತಿರುಗಿಸಿ ನಿಂತಳು. ದೇವರು ಮುಳುಗುವುದನ್ನು ಮನೆಯವರು ನೋಡಬಾರದಂತೆ. ಬಿಲ್ಲೆಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗಂಗಾಂಬಿಕಾಳ ಮುಷ್ಟಿ ಬಿಗಿಯಾಯಿತು. ಇಷ್ಟು ವರ್ಷ ಬೆನ್ನು ಹತ್ತಿದ್ದು ಕದಿಯುವುದಕ್ಕೇನು? ತನ್ನ ಮೇಲೆ ತನಗೇ ಸಿಟ್ಟು ಬಂತು. ಮೊಣಕಾಲುಮಟ ನೀರಿಗಿಳಿದು ಕೈ ಬಿಚ್ಚಿದಳು. ಬಿಲ್ಲೆ ಮುಳುಗಿತು. ದುಃಖ ಉಕ್ಕಿ ಬಂತು. ಅಳುತ್ತಲೇ ಬೇವಿನ ಗಿಡವನ್ನೂ ಅದರ ಪಕ್ಕದ ಬಂಡೆಯನ್ನೂ ಗುರುತು ಮಾಡಿಕೊಂಡಳು.

"ಆಯಿ, ಬ್ಯಾಸಗ್ಯಾಗ ಇಲ್ಲಿ ನೀರು ಇಳಿತೈತಲ್ರಿ?"

"ಇಳಿತೈತಿ. ಯಾಕ?"

"ಅವಾಗ ಕೆಸರಿನ್ಯಾಗ ಏನರ ಸಿಕ್ರ, ಅದು ಯಾರದ್ರಿ?"

ಹಣಮವ್ವ ತಿರುಗಿ ಅವಳ ಒದ್ದೆ ಕಣ್ಣು ನೋಡಿದಳು. ಬೊಚ್ಚುಬಾಯಿ ತೆರೆದು ನಕ್ಕಳು.

"ಹೊಳಿ ಯಾರಿಗೆ ಕೊಡ್ತೈತಿ ಅವರದು. ಬರುವಾಗ ಜರಡಿ ತಗೊಂಡ ಬಾ. ನಾನೂ ಬರ್ತೀನಿ ಹುಡುಕಾಕ."

"ಬರ್ರಿ ಆಯಿ," ಗಂಗಾಂಬಿಕಾ ಸೆರಗಿನಿಂದ ಮೂಗು ಒರೆಸಿಕೊಂಡಳು. "ಹುಣಸಿಹಣ್ಣು ಮಾತ್ರ ತರಬ್ಯಾಡ್ರಿ."