ಬೆಳ್ಳಗೇ ಉಳಿದ ನೀರು

ಹಿರಿಯೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಬೃಂದಾ ೧೯೯೫ರಿಂದ ಪ್ರತಿ ತಿಂಗಳೂ ವೇದಾವತಿ ಹೊಳೆಯ ನೀರನ್ನು ಪರೀಕ್ಷಿಸುತ್ತಿದ್ದಳು. ದಂಡೆಯ ಕಾಗದದ ಕಾರ್ಖಾನೆಗಿಂತ ಮೇಲಿನ ಹರಿವಿನಲ್ಲೊಂದು ಸೀಸೆ, ಕೆಳಗಿನ ಹರಿವಿನಲ್ಲೊಂದು ಸೀಸೆ ತುಂಬಿ ರಾಸಾಯನಿಕ ಹನಿಸುವಳು. ಆಗ ಸೀಸೆಯಲ್ಲಿ ಬಿಳಿ ಗಸಿ ಕಟ್ಟುತ್ತದೆ. ಆಮ್ಲಜನಕವಿದ್ದು ಮೀನು ಉಸಿರಾಡಬಲ್ಲ ನೀರು ಕಂದಾಗುತ್ತದೆ, ಸತ್ತ ನೀರು ಬೆಳ್ಳಗೇ ಉಳಿಯುತ್ತದೆ. ಕೆಳಗಿನ ಸೀಸೆಯ ಕಂದು ವರ್ಷದಿಂದ ವರ್ಷಕ್ಕೆ ತೆಳುವಾಗುತ್ತ ಬಂದು ಕೊನೆಗೆ ಇಲ್ಲವೇ ಆಯಿತು.

೨೦೦೧ರಲ್ಲಿ ಅವಳು ಮಾಲಿನ್ಯ ಮಂಡಳಿಗೆ ದೂರು ಕೊಟ್ಟಳು. ಅಧಿಕಾರಿಗಳು ಕಾರ್ಖಾನೆಗೆ ಮೊದಲೇ ತಿಳಿಸಿ ಬಂದರು. ಅಂದು ಕಾರ್ಖಾನೆ ಹೊಳೆಗೆ ಕೊಳೆ ಬಿಡುವ ಮೋರಿ ಮುಚ್ಚಿತ್ತು, ನೀರು ಚೆನ್ನಾಗಿದೆ ಎಂದು ಬರೆದುಕೊಂಡು ಹೋದರು. ಮರುತಿಂಗಳು ಬೃಂದಾಳಿಗೆ ಹೊಸದುರ್ಗಕ್ಕೆ ವರ್ಗವಾಯಿತು.

"ಇನ್ನಾದ್ರೂ ಆರಾಮಾಗಿರ್ರಿ ಮೇಡಂ," ಎಂದ ಕಾರ್ಖಾನೆಯ ಮ್ಯಾನೇಜರ್ ಲಕ್ಷ್ಮೀಕಾಂತ್.

"ಹೊಸದುರ್ಗದಿಂದ ಇಲ್ಲಿಗೆ ಬಸ್ ಐತಲ್ರಿ," ಎಂದಳು ಬೃಂದಾ.

ಭಾನುವಾರ ಬಸ್ಸಿಳಿದು ಬಂದರೆ ದಂಡೆಯ ದಾರಿಗೆ ಕಾರ್ಖಾನೆಯವರ ಮುಳ್ಳುತಂತಿ. ಕಾವಲಿನ ಪಾಲಯ್ಯ ಅಡ್ಡ ನಿಂತ. ಅಲ್ಲೇ ಕುರಿ ಮೇಯಿಸುತ್ತಿದ್ದ ಚಿತ್ತಮ್ಮ ಹತ್ತಿರ ಬಂದಳು. ಹೊಳೆಯ ನೀರು ಕುಡಿದು ಬೇಸಿಗೆಯಲ್ಲಿ ಅವಳ ಕುರಿಗಳು ಸತ್ತಿದ್ದವು.

"ಏನ್ಲೇ ಪಾಲಯ್ಯ, ಹೊಳೆನೂ ನಿಮ್ ಸಾಹೇಬ್ರದಾ?"

"ಬಿಟ್ರೆ ನನ್ನ ಕೆಲಸ ಹೋಗ್ತೈತಕ್ಕಾ."

"ಹಂಗಾರೆ ನೀನು ಬೇಲಿ ಕಾಯಿ. ಬರ್ರಿ ಮೇಡಂ, ಹೊಳೆಯಾಗೇ ಹೋಗಾಣ."

ಇಬ್ಬರೂ ಸೀರೆ ಎತ್ತಿಕಟ್ಟಿ ನೀರಿಗಿಳಿದರು. ನೊರೆಗಟ್ಟಿದ ಕಪ್ಪು ನೀರು ಮೊಣಕಾಲಿನವರೆಗೆ. ಕಾಲು ಉರಿಯತೊಡಗಿತು. ಮೋರಿಯ ಬಾಯಲ್ಲೇ ನಿಂತು ಬೃಂದಾ ಸೀಸೆ ತುಂಬಿ ರಾಸಾಯನಿಕ ಹನಿಸಿದಳು. ಗಸಿ ಬೆಳ್ಳಗೇ ಉಳಿಯಿತು.

ಲಕ್ಷ್ಮೀಕಾಂತ್ ಓಡಿಬಂದು ದಂಡೆಯಿಂದ ಕೂಗಿದ, "ಇಬ್ಬರ ಮೇಲೂ ಕೇಸ್ ಹಾಕ್ತೀನಿ!"

ಚಿತ್ತಮ್ಮ ಆ ಸೀಸೆಯನ್ನು ಅವನತ್ತ ಎತ್ತಿ ಹಿಡಿದಳು. "ಹಾಕಪ್ಪ. ಕೋರ್ಟಿಗೆ ಇದನ್ನೂ ತಗಂಡ್ ಬರ್ತೀವಿ."

ಅವನು ನಿಜಕ್ಕೂ ಕಾರ್ಖಾನೆಯ ಜಾಗಕ್ಕೆ ನುಗ್ಗಿದರೆಂದು ಕೇಸು ಹಾಕಿದ. ಹೊಳೆಯಲ್ಲಿ ನಿಂತವರು ಯಾರ ಜಾಗಕ್ಕೆ ನುಗ್ಗಿದರು ಎಂದು ನ್ಯಾಯಾಧೀಶರು ಕೇಳಿ, ಹೊಳೆ ಕಾರ್ಖಾನೆಯ ಆಸ್ತಿಯಲ್ಲ ಎಂದರು. ಕೇಸು ಬಿದ್ದುಹೋಯಿತು. ಅದೇ ಧೈರ್ಯದ ಮೇಲೆ ಚಿತ್ತಮ್ಮನ ಊರಿನವರು ಮೋರಿ ಮುಚ್ಚಿಸಬೇಕೆಂದು ಬೃಂದಾಳ ಜೊತೆ ಮೇಲಿನ ಕೋರ್ಟಿಗೆ ಹೋದರು. ಒಂದು ದಿನದ ನೀರನ್ನು ನಂಬದೆ, ವರ್ಷವಿಡೀ ಹೇಳದೆ ಕೇಳದೆ ಪರೀಕ್ಷಿಸಿ ಎಂದು ಆ ಕೋರ್ಟು ಆದೇಶಿಸಿತು. ತಿಂಗಳು ತಿಂಗಳೂ ನೀರು ಬೆಳ್ಳಗೇ ಉಳಿಯಿತು. ೨೦೦೩ರಲ್ಲಿ ಮೋರಿಗೆ ಬೀಗ ಬಿತ್ತು.

ಮುಂದಿನ ಭಾನುವಾರವೂ ಬೃಂದಾ ಬಸ್ಸಿಳಿದಳು.

"ಮೋರಿ ಮುಚ್ಚಿಸಿದ್ರಲ್ಲ, ಇನ್ಯಾಕ್ ಬಂದ್ರಿ ಮೇಡಂ?" ಪಾಲಯ್ಯ ಕೇಳಿದ.

"ಕಳ್ಳತನದಾಗೆ ತೆಗೆದ್ರೆ ಗೊತ್ತಾಗ್ಬೇಕಲ್ಲಪ್ಪ," ಎನ್ನುತ್ತ ಅವಳು ಚಪ್ಪಲಿ ಬಿಚ್ಚಿ ಹೊಳೆಗಿಳಿದಳು.